ಹಳೆಯ ಪಿಕಪ್ ಟ್ರಕ್‌ಗಳ ಮೂಲ ಬಣ್ಣದ ಗುರುತಿಸುವಿಕೆ

ವಾಹನವೊಂದು ಕಾರ್ಖಾನೆಯಿಂದ ಹೊರಬಂದಾಗ ಅದಕ್ಕಿದ್ದ ಬಣ್ಣವನ್ನು ಮೂಲ ಬಣ್ಣ ಎನ್ನುತ್ತಾರೆ. 20ನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ ಪಿಕಪ್ ಟ್ರಕ್‌ಗಳು ಹೊಲ ಹಾಗೂ ಕಟ್ಟಡ ಕೆಲಸಗಳಲ್ಲಿ ದುಡಿದ ವಾಹನಗಳಾದ್ದರಿಂದ, ಅವುಗಳಲ್ಲಿ ಹಲವಕ್ಕೆ ಮಾಲೀಕರು ಬದಲಾದಂತೆ ಬೇರೆ ಬೇರೆ ಬಣ್ಣ ಬಳಿಯಲಾಗಿದೆ. ಇವುಗಳನ್ನು ಮೊದಲಿನ ರೂಪಕ್ಕೆ ತರಬೇಕಾದರೆ ಮೂಲ ಬಣ್ಣವನ್ನು ತಿಳಿಯುವುದು ಅಗತ್ಯ. ಇದಕ್ಕೆ ಎರಡು ಬಗೆಯ ಆಧಾರಗಳಿವೆ: ತಯಾರಕರ ದಾಖಲೆ ಮತ್ತು ಲೋಹದ ಮೇಲೆ ಉಳಿದಿರುವ ಬಣ್ಣ.

ತಯಾರಕರ ದಾಖಲೆ

1960ರ ದಶಕದ ಕೊನೆಯ ವರ್ಷಗಳ ಫೋರ್ಡ್ ಎಫ್-100 ಟ್ರಕ್‌ಗಳಲ್ಲಿ ಚಾಲಕನ ಬಾಗಿಲಿಗೆ ಜೋಡಿಸಿದ ಲೋಹದ ಫಲಕದ ಮೇಲೆ ಬಣ್ಣದ ಸಂಕೇತಾಕ್ಷರವಿರುತ್ತದೆ. ಉದಾಹರಣೆಗೆ, ಆ ದಶಕದ ಉತ್ತರಾರ್ಧದಲ್ಲಿ 'ಎಂ' ಎಂದರೆ ವಿಂಬಲ್ಡನ್ ವೈಟ್ ಎಂಬ ಬಿಳಿ ಬಣ್ಣ, 'ಎ' ಎಂದರೆ ರೇವನ್ ಬ್ಲ್ಯಾಕ್ ಎಂಬ ಕಪ್ಪು ಬಣ್ಣ. ಎರಡು ಅಕ್ಷರಗಳಿದ್ದರೆ ಅದು ಇಬ್ಬಣ್ಣದ ವಾಹನ. ಒಂದೇ ಅಕ್ಷರವನ್ನು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಬಣ್ಣಗಳಿಗೆ ಬಳಸಿರುವುದರಿಂದ, ಸಂಕೇತವನ್ನು ಆಯಾ ವರ್ಷದ ಬಣ್ಣದ ಪಟ್ಟಿಯೊಡನೆ ಹೋಲಿಸಬೇಕು.

1967ರಿಂದ 1972ರವರೆಗಿನ ಷೆವರ್ಲೆ ಟ್ರಕ್‌ಗಳಲ್ಲಿ ಈ ಮಾಹಿತಿಯು ಗ್ಲೋವ್ ಬಾಕ್ಸ್‌ನಲ್ಲಿ ಅಂಟಿಸಿದ ಕಾಗದದ ಚೀಟಿಯಲ್ಲಿರುತ್ತದೆ. 1947ರಲ್ಲಿ ಆರಂಭವಾದ ಷೆವರ್ಲೆಯ 'ಅಡ್ವಾನ್ಸ್ ಡಿಸೈನ್' ಸರಣಿಯ ಫಲಕಗಳಲ್ಲಿ ಬಣ್ಣದ ಸಂಕೇತವಿಲ್ಲ. ಆರಂಭದ ವರ್ಷಗಳಲ್ಲಿ ಫಾರೆಸ್ಟರ್ ಗ್ರೀನ್ ಎಂಬ ಕಡುಹಸಿರು ಇವುಗಳ ಸಾಮಾನ್ಯ ಬಣ್ಣವಾಗಿತ್ತು. ಆದರೆ ಖರೀದಿದಾರರು ಬೇರೆ ಬಣ್ಣವನ್ನೂ ಆಯ್ದುಕೊಳ್ಳಬಹುದಾಗಿದ್ದುದರಿಂದ, ಇಂಥ ವಾಹನಗಳಲ್ಲಿ ಲೋಹದ ಮೇಲಿನ ಆಧಾರವೇ ಮುಖ್ಯವಾಗುತ್ತದೆ.

ಲೋಹದ ಮೇಲಿನ ಆಧಾರ

ಮರುಬಣ್ಣ ಬಳಿಯುವಾಗ ಸಾಮಾನ್ಯವಾಗಿ ಕೈಗೆಟುಕದ ಭಾಗಗಳು ಹಾಗೆಯೇ ಉಳಿಯುತ್ತವೆ. ಗ್ಲೋವ್ ಬಾಕ್ಸ್‌ನ ಹಿಂಬದಿ, ಡ್ಯಾಶ್‌ಬೋರ್ಡಿನ ಒಳಮೈ, ಬಾಗಿಲ ಕೀಲುಗಳ ಅಡಿಭಾಗ ಮತ್ತು ಆಸನದ ಹಿಂದಿರುವ ಇಂಧನ ತೊಟ್ಟಿಯ ಮರೆಯ ಗೋಡೆಗಳಲ್ಲಿ ಮೊದಲು ಹುಡುಕಬೇಕು. ಬಿಸಿಲು ತಾಗದ ಇಂಥ ಎಡೆಗಳಲ್ಲಿ ಬಣ್ಣ ಹೆಚ್ಚು ಮಾಸಿರುವುದಿಲ್ಲ.

ಹೊರಮೈಯಲ್ಲಿ ನಾಣ್ಯದಗಲದ ಜಾಗವನ್ನು ನೀರಿನಲ್ಲಿ ನೆನೆಸಿದ ನಯವಾದ ಮರಳುಕಾಗದದಿಂದ ನಿಧಾನವಾಗಿ ಉಜ್ಜಿದರೆ, ಬಣ್ಣದ ಪದರಗಳು ಮರದ ಕಾಂಡದ ಉಂಗುರಗಳಂತೆ ಕಾಣಿಸುತ್ತವೆ. ಲೋಹಕ್ಕೆ ತಾಗಿರುವ ಪದರವು ಪ್ರೈಮರ್ ಆಗಿದ್ದು, ಅದರ ಮೇಲಿನ ಮೊದಲ ಬಣ್ಣವೇ ಸಾಮಾನ್ಯವಾಗಿ ಮೂಲ ಬಣ್ಣ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಅಪಾಯಕಾರಿ.

ಎಚ್ಚರಿಕೆಗಳು

ಅಪಘಾತ ಅಥವಾ ತುಕ್ಕಿನ ಕಾರಣದಿಂದ ಬಾಗಿಲನ್ನು ಮತ್ತೊಂದು ಟ್ರಕ್‌ನಿಂದ ತಂದು ಜೋಡಿಸಿದ್ದರೆ, ಅದರ ಫಲಕವೂ ಬಣ್ಣವೂ ಆ ಟ್ರಕ್‌ನದ್ದಾಗಿರುತ್ತವೆ. ಫಲಕಗಳ ಪ್ರತಿರೂಪಗಳೂ ದೊರೆಯುತ್ತವೆ. ಆದ್ದರಿಂದ ಫಲಕದ ಸಂಕೇತ ಮತ್ತು ಕ್ಯಾಬ್‌ನ ಒಳಭಾಗದ ಬಣ್ಣ ಪರಸ್ಪರ ಹೊಂದಿದಾಗ ಮಾತ್ರ ನಿರ್ಣಯಕ್ಕೆ ಬರಬೇಕು. ಲೋಹ ಕಾಣುವಂತೆ ಬಣ್ಣವನ್ನು ಪೂರ್ತಿಯಾಗಿ ತೆಗೆದರೆ ಈ ಆಧಾರಗಳು ಶಾಶ್ವತವಾಗಿ ನಾಶವಾಗುತ್ತವೆ. ಪರಿಶೀಲನೆಯನ್ನು ಅದಕ್ಕೂ ಮೊದಲೇ ಮುಗಿಸಿ, ಛಾಯಾಚಿತ್ರಗಳ ಮೂಲಕ ದಾಖಲಿಸಬೇಕು.