ಕಠಾರಿಗೆ ಗೀರು ಬೀಳದಂತೆ ಮೂಲ ಹುಡುಕುವ ವಿದ್ಯೆ

ಈಜಿಪ್ಟಿನ ದೊರೆ ತುತಾಂಖಾಮನ್‌ನ ಮಮ್ಮಿಗೆ ಸುತ್ತಿದ್ದ ಬಟ್ಟೆಯೊಳಗೆ, ಬಲತೊಡೆಯ ಮೇಲೆ, ಚಿನ್ನದ ಒರೆಯಲ್ಲಿದ್ದ ಕಬ್ಬಿಣದ ಕಠಾರಿಯೊಂದು 1925ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಕೈಗೆ ಸಿಕ್ಕಿತು. ಉದ್ದ 34.2 ಸೆಂ.ಮೀ.; ಹಿಡಿ ಚಿನ್ನದ್ದು, ಹಿಡಿಯ ತುದಿಯ ಗುಬುಟು ಸ್ಫಟಿಕದ್ದು. 3,300 ವರ್ಷ ಕಳೆದರೂ ಅಲಗನ್ನು ತುಕ್ಕು ತಿಂದಿರಲಿಲ್ಲ. ಅದಿರು ಕರಗಿಸಿ ಕಬ್ಬಿಣ ತೆಗೆಯುವ ವಿದ್ಯೆ ಈಜಿಪ್ಟಿನಲ್ಲಿ ಇನ್ನೂ ನೆಲೆಯೂರದ ಕಾಲದಲ್ಲಿ ಈ ಕಬ್ಬಿಣ ಬಂದದ್ದೆಲ್ಲಿಂದ? ಅಂಚಿನ ಚೂರು ಕತ್ತರಿಸಿ, ಉಜ್ಜಿ, ಆಮ್ಲ ಹಚ್ಚಿ ಸೂಕ್ಷ್ಮದರ್ಶಕದಡಿ ನೋಡುವುದು ಲೋಹಶಾಸ್ತ್ರದ ಹಳೆಯ ದಾರಿ. ಜಗತ್ತಿಗೆ ಒಂದೇ ಇರುವ ವಸ್ತುವಿಗೆ ಅದು ಸಲ್ಲದು. ಅದರ ಅಗತ್ಯವೂ ಇಲ್ಲವೆಂಬುದು 2016ರಲ್ಲಿ ಪ್ರಕಟವಾದ ಅಧ್ಯಯನದಿಂದ ಸ್ಪಷ್ಟವಾಯಿತು.

ಆ ಅಧ್ಯಯನ ನಡೆಸಿದ ಡೇನಿಯೆಲಾ ಕೊಮೆಲ್ಲಿ ಮತ್ತು ಸಂಗಡಿಗರು ಬಳಸಿದ್ದು ಎಕ್ಸ್‌ಆರ್‌ಎಫ್ ಎಂಬ, ಹೊತ್ತೊಯ್ಯಬಹುದಾದ ಸಣ್ಣ ಉಪಕರಣ. ಅದು ಹಾಯಿಸುವ ಎಕ್ಸ್-ರೇ ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನು ಹೊರದಬ್ಬುತ್ತದೆ. ತೆರವಾದ ಜಾಗಕ್ಕೆ ಹೊರಗಿನದೊಂದು ಇಳಿಯುವಾಗ ಆಯಾ ಧಾತುವಿಗೇ ಮೀಸಲಾದ ಶಕ್ತಿಯ ಕಿರಣ ಹೊಮ್ಮುತ್ತದೆ. ಕಠಾರಿಯ ಅಲಗಿನಲ್ಲಿ ಕಂಡ ನಿಕಲ್ ಸುಮಾರು ಶೇ 10.8, ಕೋಬಾಲ್ಟ್ ಶೇ 0.58. ಅದಿರಿನಿಂದ ತೆಗೆದ ಪ್ರಾಚೀನ ಕಬ್ಬಿಣದಲ್ಲಿ ನಿಕಲ್ ಶೇ 4ರ ಆಚೆ ಹೋಗುವುದಿಲ್ಲ. ಅಂದರೆ ಇದು ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣ.

ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. 1994ರಲ್ಲಿ ಇದೇ ಅಲಗಿನಲ್ಲಿ ನಿಕಲ್ ಶೇ 2.8 ಎಂಬ ಲೆಕ್ಕ ಬಂದಿತ್ತು. ಹೊಸ ಅಂಕಿಯನ್ನೇ ಏಕೆ ನಂಬಬೇಕು? ಏಕೆಂದರೆ ಈ ಬಾರಿ ಸಂಯೋಜನೆ ಗೊತ್ತಿದ್ದ 11 ಉಲ್ಕಾಶಿಲೆಗಳನ್ನು ಅಳೆದು ಉಪಕರಣವನ್ನು ಒರೆಗೆ ಹಚ್ಚಲಾಗಿತ್ತು. ಎರಡನೆಯದು ಇನ್ನೂ ತೂಕದ್ದು: ಈ ಕಿರಣ ಹೇಳುವುದು ಕೂದಲಿನ ದಪ್ಪಕ್ಕಿಂತ ಕಡಿಮೆ ಆಳದ ಸಂಗತಿಯನ್ನಷ್ಟೇ. ನಿಜ. ಆದರೆ ಮೇಲ್ಮೈ ಕೆಟ್ಟು ನಿಕಲ್ ಹೆಚ್ಚಾಗಿ ಕಂಡಿದ್ದರೆ, ಕೋಬಾಲ್ಟ್ ಜತೆಗಿನ ಅದರ ಅನುಪಾತ ಉಲ್ಕೆಗಳದ್ದಕ್ಕೆ ಸರಿಹೊಂದಬೇಕಾದ ಕಾರಣವಿಲ್ಲ. ಮುಂದೆ ಜಪಾನಿನ ಚಿಬಾ ತಂತ್ರಜ್ಞಾನ ಸಂಸ್ಥೆಯ ತಂಡ ಇಡೀ ಅಲಗಿನ ಧಾತುನಕ್ಷೆ ತೆಗೆದಾಗ ಉಲ್ಕೆಗಷ್ಟೇ ಸಹಜವಾದ ಅಡ್ಡಾದಿಡ್ಡಿ ನಿಕಲ್ ಪಟ್ಟೆಗಳೂ ಕಂಡವು. ಕುಲುಮೆಯ ಕಾವು 950 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಆ ಪಟ್ಟೆಗಳು ಅಳಿಸಿಹೋಗಿರುತ್ತಿದ್ದವು ಎಂಬುದು ಆ ತಂಡದ ತರ್ಕ. ಕಮ್ಮಾರನ ಹದವೂ ಹೀಗೆ ತಿಳಿಯಿತು! ಒಳಗಿನ ಉಕ್ಕಿನ ಗುಣ ಬೇಕೆಂದರೆ ನ್ಯೂಟ್ರಾನ್ ಕಿರಣಗಳಿವೆ. ಲಂಡನ್ನಿನ ವ್ಯಾಲೇಸ್ ಸಂಗ್ರಹದ ಭಾರತೀಯ ಕತ್ತಿಯನ್ನು ಹಾಗೆ ಪರೀಕ್ಷಿಸಲಾಗಿದೆ.

ಈ ವಿಧಾನಗಳು ಎಲ್ಲವನ್ನೂ ಹೇಳಲಾರವು. ಈಜಿಪ್ಟಿನಲ್ಲಿ ಆಗ ಬಳಕೆಗೆ ಬಂದಿರದ ಸುಣ್ಣದ ಗಾರೆಯ ಸುಳಿವು ಹಿಡಿಯ ಅಲಂಕಾರದಲ್ಲಿ ಸಿಕ್ಕಿದ್ದರಿಂದ ಕಠಾರಿ ಹೊರನಾಡಾದ ಮಿತನ್ನಿ ರಾಜ್ಯದ ಕೊಡುಗೆಯಿರಬಹುದು ಎನ್ನುವುದು ಊಹೆ, ಸಾಕ್ಷ್ಯವಲ್ಲ. ಆದರೂ ಚೂರು ಕತ್ತರಿಸಲು ಅನುಮತಿ ಕೇಳುವವರು, ಕತ್ತರಿಸದೆ ಉತ್ತರ ಸಿಗದೆಂದು ಮೊದಲು ತೋರಿಸಿಕೊಡಬೇಕು. ಅಲ್ಲಿಯವರೆಗೆ ಸಂಗ್ರಹಾಲಯಗಳು ಅನುಮತಿ ಕೊಡಬಾರದು.