ಕ್ಲೌಡ್ ಕಂಪ್ಯೂಟಿಂಗ್ ಕಲಿಕೆ: ಪ್ರಮಾಣಪತ್ರಕ್ಕೆ ಮುನ್ನ

ದಾಸ್ತಾನು ಹೆಚ್ಚಿತೆಂದು ಅರಸೀಕೆರೆಯ ಕೊಬ್ಬರಿ ವರ್ತಕರು ಹೊಸ ಗೋದಾಮನ್ನೇ ಕಟ್ಟಿಸಬೇಕಿಲ್ಲ. ಬೇಕಾದಷ್ಟು ದಿನ ಬಾಡಿಗೆಗೆ ಪಡೆದರೆ ಸಾಕು. ಕ್ಲೌಡ್ ಕಂಪ್ಯೂಟಿಂಗ್‌ನ ತತ್ತ್ವವೂ ಇದೇ. ಇಲ್ಲಿ ಬಾಡಿಗೆಗೆ ದೊರೆಯುವುದು ಗಣಕಯಂತ್ರದ ಶಕ್ತಿ ಹಾಗೂ ಕಡತಗಳಿಗೆ ಬೇಕಾದ ಸ್ಥಳ. ಅಮೆಜಾನ್ 2006ರಲ್ಲಿ ಇಂತಹ ಸೇವೆಯನ್ನು ಆರಂಭಿಸಿ, 2016ರಲ್ಲಿ ಮುಂಬಯಿಯಲ್ಲಿಯೂ ದತ್ತಾಂಶ ಕೇಂದ್ರಗಳನ್ನು ತೆರೆಯಿತು.

ಆರಂಭಿಕರಿಗಾಗಿ ಈ ಸಂಸ್ಥೆ ನಡೆಸುವ ಪರೀಕ್ಷೆಯೇ 'ಕ್ಲೌಡ್ ಪ್ರಾಕ್ಟೀಷನರ್'. ಶುಲ್ಕ 100 ಡಾಲರ್. 90 ನಿಮಿಷ, 65 ಪ್ರಶ್ನೆ. ಉತ್ತೀರ್ಣರಾಗಲು 1000ಕ್ಕೆ 700 ಅಂಕ ಬೇಕು. ಪ್ರಮಾಣಪತ್ರದ ಅವಧಿ 3 ವರ್ಷ. ಉಚಿತ ಪಾಠಗಳು ಅಂತರಜಾಲದಲ್ಲಿಯೇ ಲಭ್ಯ. ಮನೆಯಿಂದಲೇ ಪರೀಕ್ಷೆ ಬರೆಯುವ ಅವಕಾಶವಿರುವುದರಿಂದ, ಹುಲಿಕೆರೆಯಂತಹ ಗ್ರಾಮದ ಯುವಜನರೂ ಉತ್ತಮ ಅಂತರಜಾಲ ಸಂಪರ್ಕವಿದ್ದಲ್ಲಿ ಊರು ಬಿಡದೆ ಸಿದ್ಧರಾಗಬಹುದು.

ಪಠ್ಯದ ಎರಡು ಅಂಶಗಳು ವ್ಯಾಪಾರಿಗಳಿಗೂ ಮುಖ್ಯ. ಮೊದಲನೆಯದು ಬಿಲ್ಲು. ಕೆಲಸವಿಲ್ಲದಿದ್ದರೂ ಚಾಲನೆಯಲ್ಲಿಟ್ಟ ಯಂತ್ರಕ್ಕೆ ಬಾಡಿಗೆ ಏರುತ್ತಲೇ ಇರುತ್ತದೆ. ಆದುದರಿಂದ ಅಭ್ಯಾಸಕ್ಕಾಗಿ ಖಾತೆ ತೆರೆದ ದಿನವೇ ವೆಚ್ಚದ ಮಿತಿಯನ್ನು ನಮೂದಿಸಿ, ಎಚ್ಚರಿಕೆಯ ಮಿಂಚಂಚೆ ಬರುವಂತೆ ಮಾಡಿಕೊಳ್ಳಬೇಕು. ಅಭ್ಯಾಸ ಮುಗಿದೊಡನೆ ಯಂತ್ರವನ್ನು ನಿಲ್ಲಿಸಬೇಕು.

ಎರಡನೆಯದು ಭದ್ರತೆ, ಪರೀಕ್ಷೆಯ ಶೇ. 30ರಷ್ಟು ಭಾಗ ಇದಕ್ಕೇ ಮೀಸಲು. ಕಟ್ಟಡ ಮತ್ತು ಯಂತ್ರಗಳ ರಕ್ಷಣೆ ಸಂಸ್ಥೆಯ ಹೊಣೆ. ಗುಪ್ತಪದವೂ ಕಡತಗಳನ್ನು ಯಾರು ನೋಡಬಹುದೆಂಬ ನಿರ್ಧಾರವೂ ಗ್ರಾಹಕರ ಹೊಣೆ. ಗೋದಾಮಿನ ಗೋಡೆಯನ್ನು ಮಾಲೀಕ ಕಾಯ್ದರೂ, ಬೀಗದ ಕೈಯನ್ನು ಬಾಡಿಗೆದಾರನೇ ಕಾಯಬೇಕಲ್ಲವೆ?

ಈ ಪ್ರಮಾಣಪತ್ರ ಮೂಲಜ್ಞಾನಕ್ಕಷ್ಟೇ ಸಾಕ್ಷಿ. ಅಂಗಡಿಯ ಲೆಕ್ಕಪತ್ರವನ್ನು ಒಪ್ಪಿಸುವ ಮುನ್ನ, ಅಳಿಸಿಹೋದ ಕಡತವೊಂದನ್ನು ಮರಳಿ ಪಡೆದು ತೋರಿಸುವಂತೆ ಅಭ್ಯರ್ಥಿಯನ್ನು ಕೇಳುವುದು ಲೇಸು.