ಹದಿಮೂರನೇ ನಂಬರಿನ ಸಂಚಾರಿ

2006ರ ಮೊದಲ ತಿಂಗಳುಗಳಲ್ಲಿ ಮೆಕ್ಸಿಕೋದ ಕುಲಿಯಾಕಾನ್ ನಗರದ ಡೊರಾಡೋಸ್ ಎಂಬ ಪುಟ್ಟ ತಂಡದಲ್ಲಿ ಇಬ್ಬರು ಒಟ್ಟಿಗೆ ಆಡುತ್ತಿದ್ದರು. ಒಬ್ಬರು ಪೆಪ್ ಗಾರ್ಡಿಯೋಲಾ. ಬಾರ್ಸಿಲೋನಾದ ನಡುಮೈದಾನವನ್ನು ವರ್ಷಗಟ್ಟಲೆ ಆಳಿ, ಆಟಗಾರನಾಗಿ ಕೊನೆಯ ದಿನಗಳನ್ನು ಕಳೆಯಲು ಅಲ್ಲಿಗೆ ಬಂದಿದ್ದರು. ಇನ್ನೊಬ್ಬರು ಉರುಗ್ವೆಯ ಸ್ಟ್ರೈಕರ್ ಸೆಬಾಸ್ಟಿಯನ್ ಅಬ್ರೆಯು. ಅಬ್ರೆಯು ಗೋಲುಗಳನ್ನು ಹೊಡೆದರೂ ತಂಡ ಆ ವರ್ಷ ಕೆಳಗಿನ ದರ್ಜೆಗೆ ಜಾರಿತು. ಗಾರ್ಡಿಯೋಲಾ ಆಟ ನಿಲ್ಲಿಸಿದರು. ಅಬ್ರೆಯು ಗಂಟುಮೂಟೆ ಕಟ್ಟಿಕೊಂಡು ಅದೇ ದೇಶದ ಮಾಂಟೆರ್ರೆಗೆ ಹೊರಟರು. ಮುಂದೆ ಇನ್ನೂ 15 ವರ್ಷ ಅವರು ಹೀಗೆ ಹೊರಡುತ್ತಲೇ ಇದ್ದರು.

31 ಕ್ಲಬ್‌ಗಳು, 11 ದೇಶಗಳು. ಅತಿ ಹೆಚ್ಚು ವೃತ್ತಿಪರ ಕ್ಲಬ್‌ಗಳಿಗೆ ಆಡಿದ ಫುಟ್‌ಬಾಲಿಗನೆಂದು ಗಿನ್ನೆಸ್ ಪುಸ್ತಕ ಅವರ ಹೆಸರನ್ನು ಬರೆದುಕೊಂಡಿದ್ದು, 2017ರ ಕೊನೆಯಲ್ಲಿ ಚಿಲಿಯ ಆಡಾಕ್ಸ್ ಇಟಾಲಿಯಾನೋ ಸೇರಿದಾಗ. ಅದು ಅವರ 26ನೇ ಕ್ಲಬ್.

ಇಂಥ ಆಟಗಾರನನ್ನು ಎಲ್ಲೂ ನಿಲ್ಲದವನು, ಯಾರಿಗೂ ಬೇಡವಾದವನು ಎಂದು ಎಣಿಸುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಬೇಡವಾದವನನ್ನು 31 ಸಲ ಯಾರೂ ಕರೆಯುವುದಿಲ್ಲ. ಆರಡಿ ಮೂರಂಗುಲಕ್ಕೂ ಮೀರಿದ ಎತ್ತರ, ಬಲವಾದ ಎಡಗಾಲು, ಗಾಳಿಯಲ್ಲಿ ಬಂದ ಚೆಂಡಿಗೆ ತಲೆ ಕೊಡುವ ಕಲೆ. ಓಟ ಚುರುಕಲ್ಲ, ಆದರೆ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಅವರು ಮೊದಲೇ ಇರುತ್ತಿದ್ದರು. ಗೋಲಿಲ್ಲದೆ ಕಂಗಾಲಾದ ತಂಡಕ್ಕೆ ಇಂಥವನು ಬಂದ ವಾರವೇ ಉಪಯೋಗಕ್ಕೆ ಬರುತ್ತಾನೆ.

ಉರುಗ್ವೆಯ ಗುಡ್ಡಗಳ ನಡುವಿನ ಮೀನಾಸ್ ಎಂಬ ಊರಿನಲ್ಲಿ 1976ರಲ್ಲಿ ಹುಟ್ಟಿದ ಅಬ್ರೆಯು, ಮಾಂಟೆವಿಡಿಯೋದ ಡಿಫೆನ್ಸರ್ ತಂಡದಲ್ಲಿ ಆರಂಭಿಸಿ ಅರ್ಜೆಂಟೀನಾದ ಸಾನ್ ಲೊರೆಂಜೋಗೆ ಹೋದರು. 1998ರಲ್ಲಿ ಸ್ಪೇನಿನ ಡೆಪೋರ್ಟಿವೋ ಲಾ ಕೊರುನ್ಯಾ ಅವರನ್ನು ಕೊಂಡಿತು. ಅಲೆದಾಟದ ಬೇರು ಇರುವುದು ಈ ವ್ಯವಹಾರದಲ್ಲಿ. ಕ್ಲಬ್ಬಿಗೆ ಅವರ ಮೇಲೆ ಹಕ್ಕಿತ್ತು, ಆದರೆ ತಂಡದಲ್ಲಿ ಜಾಗವಿರಲಿಲ್ಲ. ಹಾಗಾಗಿ ಎರವಲು ಕೊಡುತ್ತಾ ಹೋಯಿತು: ಬ್ರೆಜಿಲಿನ ಗ್ರೇಮಿಯೋ, ಮೆಕ್ಸಿಕೋದ ಟೆಕೋಸ್, ಮತ್ತೆ ಸಾನ್ ಲೊರೆಂಜೋ, ಉರುಗ್ವೆಯ ನಾಸಿಯೊನಾಲ್, ಮೆಕ್ಸಿಕೋದ ಕ್ರೂಜ್ ಅಜುಲ್. ಜೊತೆಗೆ, ಮೆಕ್ಸಿಕೋ, ಅರ್ಜೆಂಟೀನಾಗಳಲ್ಲಿ ಆಗ ವರ್ಷಕ್ಕೆ ಎರಡು ಚಾಂಪಿಯನ್‌ಷಿಪ್ ನಡೆಯುತ್ತಿದ್ದವು. ಆರು ತಿಂಗಳಿಗೊಂದು ಲೆಕ್ಕ, ಆರು ತಿಂಗಳಿಗೊಂದು ಕರಾರು. ನಮ್ಮ ಕಂಪನಿ ನಾಟಕದ ನಟರು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗಿ ಪ್ರತಿ ಊರಿನಲ್ಲೂ ಮೊದಲ ರಾತ್ರಿಯೇ ಚಪ್ಪಾಳೆ ಗಳಿಸಬೇಕಾಗಿದ್ದಂತೆ, ಅಬ್ರೆಯು ಪ್ರತಿ ಊರಿನಲ್ಲೂ ಮತ್ತೆ ತಮ್ಮನ್ನು ಸಾಬೀತು ಮಾಡಬೇಕಿತ್ತು. ಅವರು ಮಾಡಿದರು ಕೂಡ. 2002ರಲ್ಲಿ ಕ್ರೂಜ್ ಅಜುಲ್ ಪರ 19 ಗೋಲು ಹೊಡೆದು ಮೆಕ್ಸಿಕೋದ ಅಗ್ರ ಗೋಲುಗಾರರಾದರು. 2008ರಲ್ಲಿ ಡಿಯೇಗೊ ಸಿಮಿಯೋನೆ ಕೋಚ್ ಆಗಿದ್ದ ರಿವರ್ ಪ್ಲೇಟ್ ಅರ್ಜೆಂಟೀನಾದ ಪ್ರಶಸ್ತಿ ಗೆದ್ದಾಗ, ಯುವಕರಾದ ಫಲ್ಕಾವೊ, ಅಲೆಕ್ಸಿಸ್ ಸಾಂಚೆಜ್ ಜೊತೆ ಇವರೂ ಇದ್ದರು.

ಬೆಂಗಳೂರಿನ ಅಭಿಮಾನಿಗಳಿಗೆ ಈ ಬದುಕು ತೀರಾ ಅಪರಿಚಿತವಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬರುವ ಮುನ್ನ ಸುನಿಲ್ ಚೆಟ್ರಿ ಕೋಲ್ಕತ್ತಾ, ಪಂಜಾಬ್, ಗೋವಾ ಮಾತ್ರವಲ್ಲ, ಕ್ಯಾನ್ಸಸ್ ಸಿಟಿ, ಲಿಸ್ಬನ್‌ಗಳನ್ನೂ ಸುತ್ತಿದ್ದರು. ಅವರಿಗೆ ಇಲ್ಲಿ ಮನೆ ಸಿಕ್ಕಿತು. ಅಬ್ರೆಯು ಮನಸ್ಸಿನ ಮನೆ ನಾಸಿಯೊನಾಲ್. ಅಲ್ಲಿಗೆ ಮತ್ತೆ ಮತ್ತೆ ಮರಳಿದರು, ಮತ್ತೆ ಮತ್ತೆ ಹೊರಟರು. ಹೋದಲ್ಲೆಲ್ಲ ಅವರ ಗುರುತು ಬೆನ್ನ ಮೇಲಿನ 13. ರಿಯೋದ ಬೊಟಾಫೋಗೋ ಕ್ಲಬ್ಬಿನಲ್ಲಿ ಆ ಸಂಖ್ಯೆಗೆ ವಿಶೇಷ ಪ್ರೀತಿ ಸಿಕ್ಕಿತು, ಏಕೆಂದರೆ ಅದೇ ಕ್ಲಬ್ಬಿನ ಹಳೆಯ ಆಟಗಾರ ಮಾರಿಯೋ ಜಗಾಲೋ ಅವರಿಗೆ 13 ಎಂದರೆ ಭಕ್ತಿ ಇತ್ತು.

2010ರ ಏಪ್ರಿಲ್‌ನಲ್ಲಿ ಮರಕಾನಾದಲ್ಲಿ ಫ್ಲಮೆಂಗೋ ವಿರುದ್ಧ ಬೊಟಾಫೋಗೋಗೆ ರಿಯೋ ರಾಜ್ಯದ ಕಿರೀಟ ನಿರ್ಧರಿಸುವ ಪಂದ್ಯ. ಪೆನಾಲ್ಟಿ ಸಿಕ್ಕಾಗ ಅಬ್ರೆಯು ಚೆಂಡನ್ನು ಒದೆಯಲಿಲ್ಲ, ಅದರ ಅಡಿಗೆ ಮೆಲ್ಲನೆ ಪಾದ ಕೊಟ್ಟು ಎತ್ತಿದರು. ಚೆಂಡು ಅಡ್ಡಪಟ್ಟಿಗೆ ತಾಗಿ ಒಳಗೆ ಬಿತ್ತು. 1976ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಡೆದ ಯುರೋಪ್ ಕಪ್ ಫೈನಲ್‌ನಲ್ಲಿ ಪನೆಂಕಾ ಎಂಬ ಚೆಕ್ ಆಟಗಾರ ಜಗತ್ತಿಗೆ ತೋರಿಸಿದ ಹೊಡೆತ ಅದು.

ಮೂರು ತಿಂಗಳೂ ತುಂಬಿರಲಿಲ್ಲ. ಜುಲೈ 2, ಜೋಹಾನ್ಸ್‌ಬರ್ಗ್, ವಿಶ್ವಕಪ್ ಕ್ವಾರ್ಟರ್ ಫೈನಲ್, ಉರುಗ್ವೆ ಎದುರು ಘಾನಾ. ಘಾನಾ ಗೆದ್ದರೆ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡವಾಗುತ್ತಿತ್ತು. ಹೆಚ್ಚುವರಿ ಸಮಯ ಮುಗಿಯುವ ಹೊತ್ತಿಗೆ ಗೋಲು ಗೆರೆಯ ಮೇಲೆ ಉರುಗ್ವೆಯ ಸುವಾರೆಜ್ ಕೈಯಿಂದ ಚೆಂಡು ತಡೆದು ಕೆಂಪು ಕಾರ್ಡ್ ಪಡೆದರು. ಘಾನಾದ ಅಸಮೋವಾ ಗ್ಯಾನ್ ಹೊಡೆದ ಪೆನಾಲ್ಟಿ ಅಡ್ಡಪಟ್ಟಿಗೆ ಬಡಿದು ಮೇಲೆ ಹಾರಿತು. ನಿಮಿಷಗಳ ನಂತರ ಶೂಟೌಟ್‌ನಲ್ಲಿ ಅದೇ ಗ್ಯಾನ್ ತಮ್ಮ ತಂಡದ ಮೊದಲ ಹೊಡೆತಕ್ಕೆ ಬಂದು ಗೋಲು ಹೊಡೆದರು. ಆ ಎದೆಗಾರಿಕೆಯನ್ನು ಯಾರೂ ಮರೆಯಬಾರದು. ಉರುಗ್ವೆಯ ಕೊನೆಯ ಹೊಡೆತ, ಬದಲಿ ಆಟಗಾರನಾಗಿ ಇಳಿದಿದ್ದ ಅಬ್ರೆಯು ಪಾಲಿಗೆ ಬಂತು. ಗೋಲ್‌ಕೀಪರ್ ಕಿಂಗ್ಸನ್ ಒಂದು ಬದಿಗೆ ಜಿಗಿದರು. ಚೆಂಡು ನಡುವೆ ಸಾವಕಾಶವಾಗಿ ತೇಲಿ ಬಲೆಗೆ ಇಳಿಯಿತು. 4-2. ನಲವತ್ತು ವರ್ಷಗಳ ಬಳಿಕ ಉರುಗ್ವೆ ಸೆಮಿಫೈನಲ್ ಸೇರಿತು.

ಅಭಿಮಾನಿಗಳು ಅವರನ್ನು ಲೋಕೊ, ಅಂದರೆ ಹುಚ್ಚ ಎಂದು ಕರೆಯುತ್ತಿದ್ದರು. ನನಗೆ ಆ ಹೊಡೆತದಲ್ಲಿ ಕಾಣುವುದು ತುಂಬಾ ಸ್ವಸ್ಥವಾದ ಲೆಕ್ಕಾಚಾರ. ಇಷ್ಟೊಂದು ಒತ್ತಡದಲ್ಲಿ ಗೋಲ್‌ಕೀಪರ್ ನಿಂತಲ್ಲೇ ನಿಲ್ಲಲಾರ ಎಂಬುದು ಹಲವು ದೇಶಗಳಲ್ಲಿ ಹಲವು ಗೋಲ್‌ಕೀಪರ್‌ಗಳನ್ನು ಎದುರಿಸಿದವನಿಗೆ ಗೊತ್ತಿರುತ್ತದೆ. ಅಂದಹಾಗೆ, ಉರುಗ್ವೆಗೆ ಆ ವಿಶ್ವಕಪ್ಪಿನ ಟಿಕೆಟ್ ಖಚಿತಪಡಿಸಿದ, ಕೋಸ್ಟರಿಕಾ ವಿರುದ್ಧದ ಪ್ಲೇಆಫ್ ಗೋಲೂ ಅವರದೇ. ದೇಶಕ್ಕಾಗಿ 70 ಪಂದ್ಯ, 26 ಗೋಲು.

ಆಮೇಲಿನ ಹಾದಿಯಲ್ಲಿ ದೊಡ್ಡ ಹೆಸರುಗಳು ಕಡಿಮೆ: ಈಕ್ವೆಡಾರಿನ ಆಕಾಸ್, ಪರಾಗ್ವೆಯ ಸೋಲ್ ಡೆ ಅಮೆರಿಕಾ, ಎಲ್ ಸಾಲ್ವಡೋರಿನ ಸಾಂತಾ ಟೆಕ್ಲಾ, ರಿಯೋದ ಬಾಂಗು. ಅಲ್ಲೂ ಅದೇ 13, ಅದೇ ಹಸಿವು. 2021ರ ಜೂನ್‌ನಲ್ಲಿ, 44ರ ವಯಸ್ಸಿನಲ್ಲಿ, ಮಾಂಟೆವಿಡಿಯೋದ ಸುದ್ ಅಮೆರಿಕಾ ತಂಡದ ಆಟಗಾರನಾಗಿ ಅವರು ವಿದಾಯ ಹೇಳಿದರು. ನಂತರ ಕೋಚ್ ಆಗಿ ಬೊಲಿವಿಯಾ, ಪೆರು, ಮೆಕ್ಸಿಕೋಗಳಿಗೆ ಹೋದರು. ಆ 11 ದೇಶಗಳ ಪಟ್ಟಿಯಲ್ಲಿ ಬೊಲಿವಿಯಾ ಮತ್ತು ಪೆರು ಇರಲಿಲ್ಲ.